ನಡುಗದ ಕೈ

"ಕೈ ಹಿಂದಕ್ಕೆ ತಗೊಳ್ರೀ... ಬೆಂಕಿ!"

ಅವಳಿಗೆ ಅರ್ಥವಾಗುವ ಮೊದಲೇ ಅವನು ಮೇಜು ಸುತ್ತಿಕೊಂಡು ಓಡಿ ಬಂದಿದ್ದ. ಸ್ಪಿರಿಟ್ ದೀಪದ ಉರಿ ಅವಳ ತೋಳಿನ ಬಟ್ಟೆಯ ಅಂಚಿಗೆ ಹತ್ತಿಕೊಂಡಿತ್ತು. ಪ್ಲಾಸ್ಟರ್ ಮೆತ್ತಿದ ಒದ್ದೆ ಕೈಯಿಂದಲೇ ಅವನು ಅವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಬಿಟ್ಟ. ಚುಸ್ ಎಂದು ಬೆಂಕಿ ಆರಿತು.

"ಸುಟ್ಟಿತಾ?"

ಇಲ್ಲವೆಂದು ತಲೆಯಾಡಿಸಿದಳು. ಅವನ ಬೆರಳುಗಳ ಕೆಳಗೆ ಅವಳ ನಾಡಿ ಬೋನಿಗೆ ಬಿದ್ದ ಇಲಿಯ ಹಾಗೆ ಒದ್ದಾಡುತ್ತಿತ್ತು.

"ಅಬ್ಬಾ, ಎದೆ ಹೀಗ್ ಹೊಡ್ಕೋತಿದೆಯಲ್ರೀ! ಅಷ್ಟೊಂದು ಹೆದರಿದ್ರಾ?"

'ಹೆದರಿಕೆ ಅಲ್ಲ... ನೀವು ಇಲ್ಲಿ ಕೆಲಸಕ್ಕೆ ಸೇರಿದಾಗಿಂದ ಇದು ಹೀಗೇ ಹೊಡ್ಕೋತಿದೆ...'

ಅದನ್ನು ಅವಳು ಹೇಳಲಿಲ್ಲ. ಅವಳು ಏನನ್ನಾದರೂ ಬಾಯಿಬಿಟ್ಟು ಹೇಳಿದ್ದನ್ನು ಅಲ್ಲಿ ಯಾರೂ ಕೇಳಿದವರಿಲ್ಲ.

ಅವನು ಕೈ ಬಿಟ್ಟಾಗ ತೋಳಿನ ಬಟ್ಟೆಯ ಮೇಲೆ ಅವನ ಬೆರಳುಗಳ ಬಿಳಿ ಗುರುತು ಉಳಿದಿತ್ತು. ಸಂಜೆಯ ಹೊತ್ತಿಗೆ ಅದು ಒಣಗಿ ಗಟ್ಟಿಯಾಯಿತು.

ಆ ಬಟ್ಟೆಯನ್ನು ಅವಳು ಒಗೆಯಲೇ ಇಲ್ಲ.

*

ಚಪ್ಪಲಿ ಅಂಗಡಿಯ ಮಹಡಿಯ ಮೇಲಿನ ಆ ಎರಡು ಕೋಣೆಗಳಲ್ಲಿ ಹಲ್ಲಿನ ಸೆಟ್ ತಯಾರಾಗುತ್ತಿತ್ತು.

ಹಲ್ಲಿನ ಡಾಕ್ಟರುಗಳು ಕಳಿಸಿದ ಅಚ್ಚಿಗೆ ಪ್ಲಾಸ್ಟರ್ ಸುರಿದು, ಯಾರದೋ ಬೊಚ್ಚುಬಾಯಿಯನ್ನು ಕಲ್ಲಿನಂತೆ ಎಬ್ಬಿಸುವವನು ಅವನು. ಅಚ್ಚಿನವನು ಎಂದೇ ಎಲ್ಲರೂ ಕರೆಯುತ್ತಿದ್ದರು. ಅದರ ಮೇಲೆ ಗುಲಾಬಿ ಬಣ್ಣದ ಮೇಣ ಹಾಸಿ, ಬಿಸಿ ಚಾಕುವಿನಿಂದ ಒಂದೊಂದೇ ಹಲ್ಲು ಕೂರಿಸುವವಳು ಅವಳು. ಮೇಣದ ಹುಡುಗಿ.

ಅವಳು ಕೂರಿಸಿದ್ದು ಮತ್ತೆ ಅವನ ಕೈಗೇ ಹೋಗುತ್ತಿತ್ತು. ಅವನು ಅದನ್ನು ಲೋಹದ ಡಬ್ಬಿಯೊಳಗೆ ಪ್ಲಾಸ್ಟರಿನಲ್ಲಿ ಹೂತು, ಕುದಿಯುವ ನೀರಿಗಿಳಿಸಿ, ಮೇಣವನ್ನೆಲ್ಲ ಕರಗಿಸಿ, ಆ ಜಾಗಕ್ಕೆ ಪ್ಲಾಸ್ಟಿಕ್ಕಿನ ಗಟ್ಟಿ ವಸಡು ತುಂಬುತ್ತಿದ್ದ.

"ಮೇಣದಲ್ಲಿರೋ ತನಕ ಯಾವ ಹಲ್ಲನ್ನಾದ್ರೂ ತಿದ್ದಬಹುದು. ಡಬ್ಬಿ ಕುದಿದ ಮೇಲೆ ಬ್ರಹ್ಮ ಬಂದ್ರೂ ಆಗಲ್ಲ," ಎನ್ನುತ್ತಿದ್ದಳು ಕೊನೆಯಲ್ಲಿ ಹೊಳಪು ಹಾಕುವ ಪಾಲಿಶ್ ಅಕ್ಕ. ಗರಗರ ತಿರುಗುವ ಚಕ್ರದ ಸದ್ದನ್ನೂ ಮೀರಿಸುವ ಬಾಯಿ ಅವಳದು. "ಊರಿಗೆಲ್ಲ ಹಲ್ಲು ಕಟ್ಟಿಕೊಡ್ತೀವಿ. ನಮ್ಮ ಯಜಮಾನರು ಮಾತ್ರ ಒಂದಿನಾನೂ ಹಲ್ಲು ಬಿಡಲ್ಲ ನೋಡು!"

ಮೇಣದ ಹುಡುಗಿಯನ್ನು ಅಕ್ಕ ಓರೆಗಣ್ಣಿನಲ್ಲಿ ನೋಡುತ್ತಲೇ ಇದ್ದಳು.

"ಏನೇ, ತಿಂದಿದ್ದೆಲ್ಲ ಎಲ್ಲಿಗೆ ಹೋಗುತ್ತೆ ನಿಂಗೆ? ದಿನಾ ಸೊರಗ್ತಿದೀಯ. ನಿದ್ದೆ ಬರಲ್ಲ ಅಂತೀಯ. ಚಾಕು ಹಿಡಿದ್ರೆ ಕೈ ನಡುಗುತ್ತೆ. ಅವನು ಈ ಕಡೆ ಬಂದ್ರೆ ಸಾಕು, ಹಣೆ ಮೇಲೆ ಬೆವರು!"

"ಹಾಗೇನಿಲ್ಲ ಅಕ್ಕಾ..."

"ಇದಕ್ಕೆ ಡಾಕ್ಟರ್ ಯಾಕೆ? ರೋಗದ ಹೆಸರು ನಾನೇ ಹೇಳ್ತೀನಿ, ಬಾ ಇಲ್ಲಿ!"

ಅವಳು ತಲೆ ತಗ್ಗಿಸಿ ನಕ್ಕಳು.

ಪ್ರೀತಿ ಎಂದರೆ ಇದೇ ಇರಬೇಕು... ಅವಳಿಗೆ ಬೇರೆ ಯಾವುದೂ ಗೊತ್ತಿರಲಿಲ್ಲ. ಇದಕ್ಕೆ ಮುಂಚೆ ಯಾರಿಗಾಗಿಯೂ ಅವಳ ಎದೆ ಹೀಗೆ ಹೊಡೆದುಕೊಂಡಿರಲಿಲ್ಲ.

*

ಒಂದು ದಿನ ಯಜಮಾನರು ಅವಳ ಕೆಲಸ ಹೊಗಳಿದರು. "ಸಾಲು ನೂಲು ಹಿಡಿದ ಹಾಗಿದೆ."

ಅವಳಿಗೆ ಗಾಬರಿಯಾಯಿತು. ತನ್ನ ಮೇಜಿನಿಂದ ಹೋಗುವಾಗ ಆ ಸಾಲು ನೂಲು ಹಿಡಿದ ಹಾಗೆ ಇರಲಿಲ್ಲ! ಕೋರೆಹಲ್ಲು ಒಂದು ಕೂದಲೆಳೆಯಷ್ಟು ಹೊರಕ್ಕಿತ್ತು. ನಡುಗುವ ಕೈಗೆ ಅದನ್ನು ಒಳಕ್ಕೆ ತಳ್ಳಲು ಆಗದೆ ಅವಳು ಸೋತು ಬಿಟ್ಟಿದ್ದಳು.

ಮಾರನೆಯ ದಿನ ಊಟದ ಹೊತ್ತಿಗೆ ಎಲ್ಲರೂ ಕೆಳಗೆ ಹೋದಾಗ ಅವಳು ಬಾಗಿಲ ಮರೆಯಲ್ಲಿ ನಿಂತಳು.

ಅವನು ಚಾಕು ಬಿಸಿ ಮಾಡಿದ. ಅವಳು ಕೂರಿಸಿದ್ದ ಸೆಟ್ಟನ್ನು ಬೆಳಕಿಗೆ ಹಿಡಿದ. ಒಂದು ಕಣ್ಣು ಮುಚ್ಚಿ ನೋಡಿ, ಮೇಣವನ್ನು ಮೆತ್ತಗೆ ಮಾಡಿ, ಹಲ್ಲನ್ನು ಒಂದಿಷ್ಟು ಒಳಕ್ಕೆ ಒತ್ತಿದ. ಮಲಗಿದ ಮಗುವಿನ ಕೈಯನ್ನು ಹೊದಿಕೆಯೊಳಗೆ ಸೇರಿಸುವವರ ಹಾಗೆ.

"ಎಷ್ಟು ದಿನದಿಂದ ಹೀಗೆ?" ಅವಳು ಕೇಳಿಯೇಬಿಟ್ಟಳು.

ಅವನು ಬೆಚ್ಚಿದ. "ಅಯ್ಯೋ... ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡಿದ್ದೆ."

"ನನಗೆ ಗೊತ್ತಾಯ್ತಲ್ಲ."

"ನಿಮಗೆ ಗೊತ್ತಾಗ್ಲಿ ಅಂತಾನೂ... ಮನಸ್ಸಲ್ಲಿ ಸ್ವಲ್ಪ ಇತ್ತು ಅನ್ನಿ."

ಇಬ್ಬರೂ ನೆಲ ನೋಡಿದರು. ಒಲೆಯ ಮೇಲೆ ನೀರು ಕುದಿಯುತ್ತಿತ್ತು.

"ನಮ್ಮಮ್ಮನ್ನ ನಿಮ್ಮನೆಗೆ ಕಳಿಸ್ಲಾ?"

ಅವಳ ಎದೆ ಎಷ್ಟು ಜೋರಾಗಿ ಹೊಡೆದುಕೊಂಡಿತೆಂದರೆ, ತನ್ನ 'ಹೂಂ' ತನಗೇ ಕೇಳಿಸಲಿಲ್ಲ.

*

ಅವನ ಅಮ್ಮ ಬಂದರು. ಅವಳ ಕೆನ್ನೆ ಸವರಿದರು.

"ನನಗಿರೋನು ಒಬ್ಬನೇ ಮಗ ಕಣಮ್ಮಾ. ನಮ್ಮನೇಲಿ ಮಗು ಅತ್ತ ಸದ್ದು ಕೇಳಿ ಎಷ್ಟು ಕಾಲ ಆಯ್ತೋ! ನೀನು ಬಾ. ಮನೆ ತುಂಬಿಸು. ನನಗಿನ್ನೇನೂ ಬೇಡ."

ಅವರು ಹೋದ ಮೇಲೆ ಅವಳ ಅಮ್ಮ ಬಹಳ ಹೊತ್ತು ಲೋಟಗಳನ್ನೇ ತೊಳೆಯುತ್ತಾ ನಿಂತಿದ್ದಳು.

ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಮಗಳಿಗೆ ತಡೆಯಲಾರದ ಹೊಟ್ಟೆನೋವು ಬಂದಿತ್ತು. ಒಂದು ಅಂಡಾಶಯದಲ್ಲಿ ಗಡ್ಡೆ ಬೆಳೆದು ತಿರುಚಿಕೊಂಡಿತ್ತು. ಕೊಯ್ದು ತೆಗೆದಾಗ ಅದರೊಳಗೆ ಕೂದಲಿತ್ತು. ಒಂದು ಹಲ್ಲೂ ಇತ್ತು! ಹುಟ್ಟುವ ಮೊದಲೇ ದಾರಿ ತಪ್ಪಿದ ಜೀವಕಣಗಳು ಹೀಗೆ ಎಲ್ಲೋ ಕೂತು ಏನೋ ಆಗಿಬಿಡುತ್ತವೆ, ಯಾರ ತಪ್ಪೂ ಅಲ್ಲ ಎಂದು ಡಾಕ್ಟರ್ ಹೇಳಿದ್ದರು. ಅಮ್ಮನಿಗೆ ಆ ಮಾತು ಹಿಡಿಸಿರಲಿಲ್ಲ. ಆಮೇಲೆ ಮಗಳು ಶಾಲೆಗೆ ಹೋಗಲಿಲ್ಲ.

"ಇನ್ನೊಂದು ಇದೆಯಲ್ಲ," ಅಮ್ಮ ಈಗ ಗೋಡೆಗೆ ಹೇಳುವಂತೆ ಹೇಳಿದಳು. "ಒಂದಿದ್ರೂ ಮಕ್ಕಳಾಗುತ್ತೆ ಅಂತ ಅವತ್ತೇ ಅಂದಿದ್ರು. ಈ ವಿಷಯ ಬಾಯಿ ಬಿಡ್ಬೇಡ ಮಗಳೇ."

ಅವಳು ಬಾಯಿ ಬಿಡಲಿಲ್ಲ.

ಆದರೆ ಆ ವಾರವೇ ಅವಳು ಮೇಜಿನ ಮೇಲೆ ಕುಸಿದುಬಿದ್ದಳು. ಕೈಯಲ್ಲಿದ್ದ ಹಲ್ಲುಗಳೆಲ್ಲ ನೆಲದ ಮೇಲೆ ಚೆಲ್ಲಿದವು.

*

ಮೊದಲ ಡಾಕ್ಟರ್ ರಕ್ತ ನೋಡಿ ಥೈರಾಯ್ಡ್ ಜಾಸ್ತಿಯಾಗಿದೆ ಎಂದರು. ಕತ್ತು ಒತ್ತಿ ನೋಡಿದರು. ಕತ್ತಿನಲ್ಲಿ ಗಂಟೂ ಇಲ್ಲ, ಊತವೂ ಇಲ್ಲ! ಮಾತ್ರೆಗೆ ನಡುಕ ಬಗ್ಗಲಿಲ್ಲ. ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು.

ಅಲ್ಲಿ, ಥೈರಾಯ್ಡ್ ಇದ್ದ ಕಡೆ ಬೆಳಗುತ್ತದೆ ಎಂದು ಏನೋ ಔಷಧಿ ಕುಡಿಸಿ, ತಣ್ಣನೆಯ ಕೋಣೆಯಲ್ಲಿ ಮಲಗಿಸಿ, ದೊಡ್ಡ ಕ್ಯಾಮೆರಾವನ್ನು ಅವಳ ಕತ್ತಿನ ಮೇಲೆ ತಂದರು. ಪರದೆಯ ಮೇಲೆ ಕತ್ತು ಹೆಚ್ಚುಕಡಿಮೆ ಕತ್ತಲಾಗಿಯೇ ಇತ್ತು. ಕ್ಯಾಮೆರಾ ಕೆಳಗೆ ಸರಿಯಿತು... ಎದೆ ದಾಟಿತು... ಹೊಟ್ಟೆ ದಾಟಿತು...

ಕಿಬ್ಬೊಟ್ಟೆಯಲ್ಲಿ ಒಂದು ಬೆಳಕು ಹತ್ತಿಕೊಂಡಿತು.

"ನೋಡಮ್ಮ," ವಯಸ್ಸಾದ ಡಾಕ್ಟರಮ್ಮ ಅವಳನ್ನು ಹತ್ತಿರ ಕೂರಿಸಿಕೊಂಡರು. "ಥೈರಾಯ್ಡ್ ಇರಬೇಕಾದ ಜಾಗ ಕತ್ತು. ಕೆಲವರಿಗೆ ಅದು ನಾಲಿಗೆ ಬುಡದಲ್ಲೇ ಉಳಿದುಬಿಡುತ್ತೆ. ಕೆಲವರಿಗೆ ಎದೆಗೂಡಲ್ಲಿ ಸಿಗುತ್ತೆ. ನಿನಗೆ ಕತ್ತಲ್ಲೂ ಇದೆ, ಅದು ಚೆನ್ನಾಗೇ ಇದೆ, ಈಗ ಕೆಲಸ ಕಡಿಮೆ ಮಾಡಿದೆ ಅಷ್ಟೇ. ಜೊತೆಗೆ, ಉಳಿದಿರೋ ಅಂಡಾಶಯದಲ್ಲಿ ಒಂದು ಗಡ್ಡೆ ಎದ್ದಿದೆ, ಅದರೊಳಗೂ ಥೈರಾಯ್ಡೇ ಬೆಳೆದಿದೆ. ಅದು ಸುಮ್ಮನೆ ಕೂತಿಲ್ಲ. ಹಗಲೂ ರಾತ್ರಿ ರಸ ಸುರಿಸ್ತಾ ಇದೆ."

ಅವಳು ಕೇಳಿದ ಪ್ರಶ್ನೆ ಡಾಕ್ಟರಮ್ಮ ನಿರೀಕ್ಷಿಸಿದ್ದಲ್ಲ.

"ಎದೆ ಹೊಡ್ಕೊಳ್ಳೋದು... ಅದರಿಂದಾನಾ?"

"ಅದರಿಂದಲೇ."

"ಕೈ ನಡುಗೋದು? ನಿದ್ದೆ ಬರದೇ ಇರೋದು? ಯಾರಾದ್ರೂ... ಹತ್ತಿರ ಬಂದ್ರೆ ಬೆವರೋದು?"

"ಎಲ್ಲಾ ಅದರಿಂದಲೇ ಕಣಮ್ಮ. ಗಡ್ಡೆ ತೆಗೆದ್ರೆ ಎಲ್ಲಾ ನಿಂತುಹೋಗುತ್ತೆ." ಡಾಕ್ಟರಮ್ಮನ ದನಿ ತಗ್ಗಿತು. "ಆದ್ರೆ ಅಂಡಾಶಯ ಉಳಿಸೋಕಾಗಲ್ಲ. ಇನ್ನೊಂದು ಮೊದಲೇ ಹೋಗಿದೆ. ಮುಂದೆ ಮಕ್ಕಳು..."

ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಮ್ಮ ವಿಷಯ ಕೇಳಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳು ಮಾತ್ರ ಅಳಲಿಲ್ಲ. ಅಳುವುದಕ್ಕೂ ಮೊದಲು ಒಂದು ವಿಷಯ ಇತ್ಯರ್ಥವಾಗಬೇಕಿತ್ತು.

'ಹಾಗಾದ್ರೆ ನಾನು ಪ್ರೀತಿ ಅಂದ್ಕೊಂಡಿದ್ದೆಲ್ಲ... ಬರೀ ಒಂದು ಗಡ್ಡೆಯಾ?'

*

ಅವನು ಆಸ್ಪತ್ರೆಯ ಎದುರಿನ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದ. ಕೂದಲಿಗೆಲ್ಲ ಪ್ಲಾಸ್ಟರಿನ ಪುಡಿ. ಕೆಲಸದಿಂದ ನೇರ ಬಂದಿರಬೇಕು.

"ಏನಂದ್ರು ಡಾಕ್ಟ್ರು? ಮಾತಾಡ್ರೀ!"

ಅವಳ ಎದೆ ಹೊಡೆದುಕೊಳ್ಳತೊಡಗಿತು. ಈಗ ಅದನ್ನು ನಂಬಲೇ? ಅದು ಯಾರಿಗಾಗಿ ಹೊಡೆದುಕೊಳ್ಳುತ್ತಿದೆ ಎಂದು ಯಾರನ್ನು ಕೇಳುವುದು?

ಅವನ ಅಮ್ಮನ ಕೈ ಇನ್ನೂ ಕೆನ್ನೆಯ ಮೇಲೆ ಇದ್ದಂತೆನಿಸಿತು. ಮನೆ ತುಂಬಿಸು...

"ನನಗೆ ಥೈರಾಯ್ಡ್ ಇದೆಯಂತೆ. ಹೊಟ್ಟೇಲಿ. ಇರಬಾರದ ಜಾಗದಲ್ಲಿ, ಒಂದು ಗಡ್ಡೆಯೊಳಗೆ."

"ಹೊಟ್ಟೇಲಿ ಥೈರಾಯ್ಡಾ?"

"ಹೂಂ. ಎದೆ ಹೊಡ್ಕೊಳ್ತಿದ್ದಿದ್ದು, ಕೈ ನಡುಗ್ತಿದ್ದಿದ್ದು, ಎಲ್ಲ ಅದರಿಂದಂತೆ." ಅವಳು ಅವನ ಮುಖ ನೋಡಲಿಲ್ಲ, ಅವನ ಅಂಗಿಯ ಗುಂಡಿಯನ್ನು ನೋಡಿ ಹೇಳಿದಳು. "ನಿಮ್ಮನ್ನ ಕಂಡ್ರೆ ಏನೇನೋ ಆಗ್ತಿತ್ತಲ್ಲ... ಅದು ನಿಮ್ಮಿಂದ ಅಲ್ಲ. ತೆಗೆದುಹಾಕಿದ್ರೆ ನಿಂತುಹೋಗುತ್ತಂತೆ. ನಿಮ್ಮಮ್ಮಂಗೆ ಬೇರೆ ಕಡೆ ನೋಡೋಕೆ ಹೇಳಿ."

ಮಕ್ಕಳ ಮಾತನ್ನು ಅವಳು ಎತ್ತಲಿಲ್ಲ. ಹೇಳಿದರೆ ಅವನು ಉಳಿದುಬಿಡುತ್ತಾನೆ. ಒಬ್ಬನೇ ಮಗ.

ಅವನು ನಗಲು ಪ್ರಯತ್ನಿಸಿದ. ಆಗಲಿಲ್ಲ.

"ಅಷ್ಟೇನಾ? ಬರೀ... ಗಡ್ಡೆನಾ?"

"ಅಷ್ಟೇ."

ಬಸ್ಸು ಬಂತು. ದೂರದಲ್ಲಿ ನಿಂತಿದ್ದ ಅಮ್ಮನನ್ನು ಕರೆದುಕೊಂಡು ಅವಳು ಹತ್ತಿದಳು. ಸೀಟಿನಲ್ಲಿ ಕೂತ ಮೇಲೂ ಎದೆ ಹೊಡೆದುಕೊಳ್ಳುತ್ತಲೇ ಇತ್ತು... ದರಿದ್ರ ಎದೆ!

*

ಗಡ್ಡೆ ತೆಗೆದರು. ಆದರೆ ಅಲ್ಲಿಗೇ ಮುಗಿಯಲಿಲ್ಲ.

"ಸಾಸಿವೆ ಚೆಲ್ಲಿದ ಹಾಗೆ ಹೊಟ್ಟೆ ಪೊರೆ ಮೇಲೆ ಅಲ್ಲಲ್ಲಿ ಕೂತಿದೆ," ಎಂದರು ಡಾಕ್ಟರಮ್ಮ. "ಅದೂ ಥೈರಾಯ್ಡೇ. ಎಲ್ಲಾನೂ ಹೆಕ್ಕಿ ತೆಗೆಯೋಕಾಗಲ್ಲ. ವಿಕಿರಣ ಸೂಸೋ ಅಯೋಡಿನ್ ಔಷಧಿ ಕೊಟ್ಟು ಸುಡಬೇಕು. ಅದಕ್ಕೆ ಮೊದಲು ಕತ್ತಿನ ಗ್ರಂಥಿಯನ್ನೂ ತೆಗೀಬೇಕು."

"ಕತ್ತಿಂದು ಚೆನ್ನಾಗಿದೆ ಅಂದ್ರಲ್ಲ?"

"ಚೆನ್ನಾಗಿದೆ. ಅದಕ್ಕೇ ತೊಂದರೆ. ಅದಿದ್ರೆ ಔಷಧಿಯನ್ನೆಲ್ಲ ಅದೇ ಕುಡಿದುಬಿಡುತ್ತೆ."

ದಾರಿ ತಪ್ಪಿದ್ದರ ಸಲುವಾಗಿ ದಾರಿಯಲ್ಲಿದ್ದದ್ದೂ ಹೋಗಬೇಕು. ಅವಳಿಗೆ ನಗು ಬಂದಂತಾಯಿತು.

"ಅಷ್ಟು ಮಾಡಿದ್ರೆ ಪೂರ್ತಿ ಹೋಗುತ್ತಾ?"

ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿದರು. "ಹೋಗಬಹುದು. ಎಷ್ಟೋ ವರ್ಷ ಬಿಟ್ಟು ಮತ್ತೆ ಬರಲೂಬಹುದು. ಸುಳ್ಳು ಹೇಳಲಾರೆ ಕಣಮ್ಮ."

ಕತ್ತಿನ ಆಪರೇಷನ್ನಿಗೆ ಹೊಟ್ಟೆಯ ಗಾಯ ಮಾಗಬೇಕಿತ್ತು. ಅಲ್ಲಿಯತನಕ ಅವಳು ಕೆಲಸಕ್ಕೆ ಮರಳಿದಳು. ಮನೆಯಲ್ಲಿ ಅಮ್ಮನ ಮುಖ ನೋಡುತ್ತಾ ಕೂರುವುದಕ್ಕಿಂತ ಅದೇ ವಾಸಿ.

ಮೇಣದ ಚಾಕು ಹಿಡಿದಳು. ಕೈ ನಡುಗಲಿಲ್ಲ.

ಬಾಗಿಲು ತೆರೆಯಿತು. ಅವನು ಒಳಗೆ ಬಂದ. ಅವಳು ಉಸಿರು ಹಿಡಿದು ಕಾದಳು...

ಏನೂ ಆಗಲಿಲ್ಲ.

ಎದೆ ತನ್ನ ಪಾಡಿಗೆ ತಾನು ನಿಧಾನವಾಗಿ ನಡೆಯುತ್ತಿತ್ತು. ಬೆವರಿಲ್ಲ. ನಡುಕವಿಲ್ಲ. ಡಾಕ್ಟರಮ್ಮ ಹೇಳಿದ್ದು ನಿಜವಾಯಿತು. ಆ ದಿನ ಮಾತ್ರ ಅವಳು ಅತ್ತಳು, ಬಚ್ಚಲಿನಲ್ಲಿ, ನಲ್ಲಿ ಬಿಟ್ಟುಕೊಂಡು.

ಅವಳ ಸಾಲುಗಳು ಈಗ ನಿಜಕ್ಕೂ ನೂಲು ಹಿಡಿದ ಹಾಗೆ ಇದ್ದವು. ಅವನಿಗೆ ತಿದ್ದಲು ಏನೂ ಇರಲಿಲ್ಲ. ತಟ್ಟೆಯಲ್ಲಿ ಇಟ್ಟದ್ದನ್ನು ಎತ್ತಿಕೊಂಡು ಸುಮ್ಮನೆ ಡಬ್ಬಿಗೆ ಇಳಿಸುತ್ತಿದ್ದ. ಅವಳು ಹೇಳಿದ್ದನ್ನು ಅವನು ಅಕ್ಷರಶಃ ನಂಬಿದ್ದ.

ಆದರೂ...

ಪ್ಲಾಸ್ಟರಿನ ಧೂಳಿಗೆ ಅವನು ಮೊದಲಿಗಿಂತ ಹೆಚ್ಚು ಕೆಮ್ಮುತ್ತಿದ್ದಾನೆ ಎಂಬುದು ಅವಳಿಗೆ ತಿಳಿದಿತ್ತು. ಊಟದ ಡಬ್ಬಿಯಲ್ಲಿ ಅರ್ಧ ಹಾಗೆಯೇ ವಾಪಸ್ಸು ಹೋಗುತ್ತಿದೆ ಎಂದು ತಿಳಿದಿತ್ತು. ಬಲಗೈಯ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಾನೆ. ಯಾರೂ ಕೇಳಿಲ್ಲ. ಒಮ್ಮೆ ಅವನು ಕೆಮ್ಮಿದಾಗ, ಕೈಯಲ್ಲಿದ್ದ ಕೆಲಸ ಬಿಟ್ಟು ನೀರಿನ ಚೊಂಬನ್ನು ಅವನಿಗೆ ಎಟುಕುವಲ್ಲಿ ಇಟ್ಟು ಬಂದಿದ್ದಳು. ಇಟ್ಟು ಬಂದ ಮೇಲಷ್ಟೇ ಅವಳಿಗೆ ಗೊತ್ತಾದದ್ದು, ತಾನು ಎದ್ದಿದ್ದೆ ಎಂದು.

ಎದೆ ಆಗಲೂ ಶಾಂತವಾಗಿಯೇ ಇತ್ತು.

'ಇದು ಯಾವ ಗಡ್ಡೆ ಮಾಡಿಸಿದ ಕೆಲಸ?'

*

"ಅವನು ಹೊರಟ ಕಣೇ," ಒಂದು ಮಧ್ಯಾಹ್ನ ಪಾಲಿಶ್ ಅಕ್ಕ ಚಕ್ರ ನಿಲ್ಲಿಸಿ ಹೇಳಿದಳು. "ಬೇರೆ ಊರಲ್ಲಿ ಕೆಲಸ ಸಿಕ್ಕಿದೆ. ಇವತ್ತೇ ಕೊನೆ. ಅವರಮ್ಮ ಅಲ್ಲೇ ಒಂದು ಹುಡುಗೀನೂ ನೋಡಿದಾರಂತೆ."

"ಒಳ್ಳೇದಾಯ್ತು ಅಕ್ಕಾ."

"ಒಳ್ಳೇದಂತೆ! ಕಲ್ಲು ನೀನು. ಪ್ಲಾಸ್ಟರಾದ್ರೂ ನೀರು ಹಾಕಿದ್ರೆ ಬಿಸಿಯಾಗುತ್ತೆ." ಅಕ್ಕ ಮುಖ ತಿರುಗಿಸಿ ಚಹಾ ಕುಡಿಯಲು ಕೆಳಗೆ ಹೋದಳು.

ಅವಳ ಮುಂದೆ ಆ ದಿನದ ಕೊನೆಯ ಸೆಟ್ ಇತ್ತು. ಯಾರೋ ಅಜ್ಜಿಯದು. ಕೆಲಸ ಮುಗಿದಿತ್ತು, ಒಂದು ಕುಂದಿಲ್ಲ. ತಟ್ಟೆಯಲ್ಲಿ ಇಡುವುದಷ್ಟೇ ಬಾಕಿ. ಅವನು ಎತ್ತಿಕೊಳ್ಳುತ್ತಾನೆ, ಕುದಿಸುತ್ತಾನೆ, ಮೆಟ್ಟಿಲಿಳಿದು ಹೋಗುತ್ತಾನೆ.

ಅವಳು ಚಾಕುವನ್ನು ಉರಿಗೆ ಹಿಡಿದಳು.

ಮುಂಭಾಗದ ದೊಡ್ಡ ಹಲ್ಲಿನ ಬುಡದಲ್ಲಿ ಮೇಣವನ್ನು ಮೆತ್ತಗೆ ಮಾಡಿ, ಆ ಹಲ್ಲನ್ನು ಪೂರ್ತಿ ಓರೆಯಾಗಿ ತಿರುಗಿಸಿದಳು. ಕುರುಡರಿಗೂ ಕಾಣುವಷ್ಟು ಓರೆ. ಅವಳ ಕೈ ಸ್ವಲ್ಪವೂ ನಡುಗಲಿಲ್ಲ.

ತಟ್ಟೆಯಲ್ಲಿ ಇಟ್ಟಳು.

ಅವನು ಬಂದ. ನೋಡದೆ ಎತ್ತಿಕೊಂಡ. ಈಗೀಗ ಅವನು ನೋಡುತ್ತಲೇ ಇರಲಿಲ್ಲವಲ್ಲ! ಡಬ್ಬಿಯಲ್ಲಿ ಪ್ಲಾಸ್ಟರ್ ಕಲಸಿ ಸಿದ್ಧವಾಗಿತ್ತು. ಅವನು ಬಗ್ಗಿದ...

'ನೋಡಿ. ಒಂದು ಸಲ ನೋಡಿ. ಕುದಿಯೋಕೆ ಹೋದ್ರೆ ಮುಗೀತು...'

ಅವನ ಕೈ ನಿಂತಿತು.

ಸೆಟ್ಟನ್ನು ಬೆಳಕಿಗೆ ಹಿಡಿದ. ಒಂದು ಕಣ್ಣು ಮುಚ್ಚುವ ಅಗತ್ಯವೂ ಬೀಳಲಿಲ್ಲ. ಅವಸರವಾಗಿ ಅವಳ ಮೇಜಿನ ಬಳಿ ಬಂದ. ಅವನ ಮುಖ ಬಿಳಿಚಿಕೊಂಡಿತ್ತು.

"ಮತ್ತೆ ಕೈ ನಡುಗೋಕೆ ಶುರುವಾಯ್ತಾ? ಮತ್ತೆ ಬಂತಾ ಅದು?"

"ಇಲ್ಲ."

"ಮತ್ತೆ ಇದೇನಿದು?"

"ಬೇಕಂತಲೇ ಮಾಡಿದ್ದು."

"ಯಾಕೆ?"

"ತಿದ್ದೋಕೆ ಏನೂ ಇಲ್ಲದೇ ಹೋದ್ರೆ... ನೀವು ಈ ಮೇಜಿನ ಹತ್ತಿರ ಬರೋದೇ ಇಲ್ವಲ್ಲ."

ಅವನು ಎದುರಿನ ಸ್ಟೂಲಿನ ಮೇಲೆ ಕುಸಿದು ಕೂತ.

"ಬಸ್ ನಿಲ್ದಾಣದಲ್ಲಿ ಹೇಳಿದ್ದು ಪೂರ್ತಿ ಸುಳ್ಳಲ್ಲ," ಎಂದಳು ಅವಳು. ಬದುಕಿನಲ್ಲಿ ಇಷ್ಟು ಮಾತು ಒಟ್ಟಿಗೆ ಆಡಿದವಳಲ್ಲ. "ನನಗೇ ಗೊತ್ತಿರ್ಲಿಲ್ಲ. ಈಗ ಗಡ್ಡೆ ಇಲ್ಲ. ಎದೆ ಹೊಡ್ಕೊಳ್ಳಲ್ಲ, ಬೆವರಲ್ಲ, ಚೆನ್ನಾಗಿ ನಿದ್ದೆ ಬರುತ್ತೆ. ಆದ್ರೂ ನಿಮ್ಮ ಹೆಬ್ಬೆರಳಿಗೆ ಏನಾಯ್ತು ಅಂತ ವಾರದಿಂದ ಯೋಚಿಸ್ತಾ ಇದೀನಿ..."

ಅವನು ಹೆಬ್ಬೆರಳಿನ ಬಟ್ಟೆಯನ್ನು ನೋಡಿಕೊಂಡ.

"ಇನ್ನೊಂದು ಹೇಳ್ಬೇಕು. ನನಗೆ ಮಕ್ಕಳಾಗಲ್ಲ. ಎರಡೂ ಕಡೆ ತೆಗೆದಿದಾರೆ. ಅದು ಹೊಟ್ಟೇಲಿ ಚೆಲ್ಲಿಕೊಂಡೂ ಇದೆ. ಕತ್ತು ಕೊಯ್ಬೇಕು, ಔಷಧಿ ಕೊಟ್ಟು ಸುಡ್ಬೇಕು. ಹೋಗುತ್ತೋ ಇಲ್ವೋ ಡಾಕ್ಟರಿಗೇ ಗೊತ್ತಿಲ್ಲ. ನೀವು ಹೋಗಿ. ಆ ಹುಡುಗೀನೇ ಮದುವೆಯಾಗಿ. ಆದ್ರೆ ನಾನು ನಿಮ್ಮನ್ನ... ಅದು ರೋಗ ಆಗಿತ್ತು ಅಂದ್ಕೊಂಡು ಹೋಗ್ಬೇಡಿ. ಅಷ್ಟೇ."

ಎಲ್ಲ ಸರಿಹೋಗುತ್ತದೆ ಎಂದು ಅವನು ಹೇಳಲಿಲ್ಲ. ಹೇಳಿದ್ದರೆ ಅವಳು ನಂಬುತ್ತಲೂ ಇರಲಿಲ್ಲ. ಒಲೆಯ ಮೇಲೆ ನೀರು ಕುದಿಕುದಿದು ಅರ್ಧಕ್ಕೆ ಇಳಿದಿತ್ತು.

"ನಮ್ಮಮ್ಮ ಒಪ್ಪಲ್ಲ," ಅವನು ಕೊನೆಗೆ ಹೇಳಿದ. "ಎಷ್ಟು ಬೇಡಿಕೊಂಡರೂ ಒಪ್ಪಲ್ಲ. ಅಳ್ತಾಳೆ. ನನ್ನ ಜೊತೆ ಮಾತು ಬಿಡ್ತಾಳೆ."

"ಗೊತ್ತು."

"ನಾನೂ ಒಂದೊಂದು ದಿನ ಅಳ್ತೀನಿ. ಮಗು ಅಂದ್ರೆ ನಂಗೂ ಆಸೆ ಇತ್ತು ರೀ."

"ಗೊತ್ತು." ಅವಳ ದನಿ ಸಣ್ಣದಾಯಿತು. "ಅದಕ್ಕೇ ಹೋಗಿ ಅಂದಿದ್ದು."

ಅವನು ಹೋಗಲಿಲ್ಲ. ಓರೆ ಹಲ್ಲಿನ ಸೆಟ್ಟನ್ನು ಅವರಿಬ್ಬರ ನಡುವೆ ಇಟ್ಟ. ಚಾಕುವನ್ನು ಉರಿಗೆ ಹಿಡಿದು, ಮೇಣ ಮೆತ್ತಗೆ ಮಾಡಿ, ಬಟ್ಟೆ ಸುತ್ತಿದ ಹೆಬ್ಬೆರಳಿನಿಂದ ಆ ಹಲ್ಲನ್ನು ನಿಧಾನವಾಗಿ ಸಾಲಿಗೆ ತಂದ. ಅವನ ಕೈ ನಡುಗುತ್ತಿತ್ತು.

"ಆ ಔಷಧಿ ಕೊಟ್ಮೇಲೆ ಸ್ವಲ್ಪ ದಿನ ಯಾರೂ ನನ್ನ ಹತ್ತಿರ ಬರೋ ಹಾಗಿಲ್ಲವಂತೆ," ಎಂದಳು ಅವಳು.

"ಬಾಗಿಲಾಚೆ ಕೂರ್ತೀನಿ."

"ಒಬ್ರೇನಾ?"

"ಪಾಲಿಶ್ ಅಕ್ಕನ್ನ ಕರ್ಕೊಂಡು ಬಂದ್ರೆ ಆಸ್ಪತ್ರೆಯವರು ಓಡಿಸ್ತಾರೆ."

ಅವಳು ನಕ್ಕಳು. ನಗುತ್ತಲೇ ಕಣ್ಣು ತುಂಬಿತು. ಅವನು ಕೈ ಚಾಚಿ ಅವಳ ಮಣಿಕಟ್ಟನ್ನು ಹಿಡಿದ, ಅವತ್ತು ಬೆಂಕಿ ಆರಿಸಿದ ಜಾಗದಲ್ಲೇ. ಬೆರಳ ಕೆಳಗಿನ ನಾಡಿಯನ್ನು ಎಣಿಸುವವನಂತೆ ಹಾಗೇ ಹಿಡಿದಿದ್ದ.

"ಮೊದಲಿನ ಹಾಗಿಲ್ಲ, ಅಲ್ವಾ?" ಅವಳು ಕೇಳಿದಳು.

"ಇಲ್ಲ. ತುಂಬಾ ನಿಧಾನ ಆಗಿದೆ... ಆದ್ರೆ ಈ ಸಲ ನನಗೋಸ್ಕರವೇ ಹೊಡ್ಕೋತಿದೆ."

"ಹೂಂ," ಎಂದಳು ಅವಳು. "ಎಷ್ಟು ದಿನ ಹೊಡ್ಕೊಳ್ಳುತ್ತೋ, ಅಷ್ಟು ದಿನ."